ಬಿಲಿಯರ್ಡ್ಸ್ ಮೇಜಿಗೊಂದು ಮನೆ

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ರಾಜಧಾನಿ ಹಾರ್ಟ್‌ಫರ್ಡ್. ಆ ನಗರದ ಫಾರ್ಮಿಂಗ್ಟನ್ ಅವೆನ್ಯೂ ಎಂಬ ಬೀದಿಯಲ್ಲಿ ನಡೆದುಹೋಗುವ ಪ್ರವಾಸಿಯು 351ನೆಯ ನಂಬರಿನ ಮನೆಯ ಮುಂದೆ ಒಂದು ಕ್ಷಣವಾದರೂ ನಿಲ್ಲದೆ ಹೋಗಲಾರ. ಕೆಂಪಿಟ್ಟಿಗೆಯ ಗೋಡೆ, ಅದರ ಮೇಲೆ ಕಪ್ಪು ಹಾಗೂ ಕುಂಕುಮವರ್ಣದ ಪಟ್ಟೆಗಳು, ಮೂಲೆಮೂಲೆಗೆ ಚಾಚಿಕೊಂಡ ಮಾಡು, ಗೋಪುರ, ಮೊಗಸಾಲೆ, ಒಂದರ ಹಿಂದೊಂದು ತಲೆಯೆತ್ತಿರುವ ಹೊಗೆಗೂಡುಗಳು. ಶಿಲ್ಪಿಯಾದ ಎಡ್ವರ್ಡ್ ಟಕರ್‌ಮನ್ ಪಾಟರನು ಕಟ್ಟಿದ್ದರಲ್ಲಿ ಬಹುಪಾಲು ಇಗರ್ಜಿಗಳೇ ಎಂಬುದು ನೋಡಿದವರಿಗೆ ಒಡನೆಯೇ ಹೊಳೆಯುತ್ತದೆ. ಆದರೆ ಈ ಮನೆಯಲ್ಲಿ ದೇವರ ಕೋಣೆಯೆಂದು ಹೇಳಬಹುದಾದದ್ದು ಯಾವುದಾದರೂ ಇದ್ದರೆ ಅದು ಮೂರನೆಯ ಅಂತಸ್ತಿನ ಬಿಲಿಯರ್ಡ್ಸ್ ಕೋಣೆ. ಮನೆಯ ಯಜಮಾನನು ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಎಂಬ ಇಬ್ಬರು ತುಂಟ ಬಾಲಕರನ್ನು ಜಗತ್ತಿಗೆ ಕೊಟ್ಟವನು.

ಬಿಲಿಯರ್ಡ್ಸ್ ಆಟದ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಮನೆಗಳ ಆಟಗಳು ಸ್ಥಳಕ್ಕಾಗಿ ಯಜಮಾನನನ್ನು ಪೀಡಿಸುವುದಿಲ್ಲ. ಪಗಡೆಯ ಹಾಸನ್ನು ಸುತ್ತಿ ಪೆಟ್ಟಿಗೆಯಲ್ಲಿಡಬಹುದು. ಚೌಕಾಬಾರಕ್ಕೆ ಒಂದು ಸೀಮೆಸುಣ್ಣದ ತುಂಡು, ನಾಲ್ಕು ಕವಡೆ ಸಾಕು. ಚನ್ನೆಮಣೆಯನ್ನು ಅಜ್ಜಿ ಕಂಕುಳಲ್ಲಿಟ್ಟುಕೊಂಡು ಊರಿಂದೂರಿಗೆ ಹೋಗಬಹುದು. ಬಿಲಿಯರ್ಡ್ಸ್ ಹಾಗಲ್ಲ. ಹಸಿರು ಬನಾತಿನ ಕೆಳಗಿರುವುದು ಸ್ಲೇಟುಕಲ್ಲಿನ ಹಾಸು. ಒಂಬತ್ತು ಅಡಿ ಉದ್ದದ ಮೇಜೊಂದು ಅರ್ಧ ಟನ್ನಿಗೆ ಹತ್ತಿರ ತೂಗುತ್ತದೆ. ಅದನ್ನಿಡಲು ಒಂಬತ್ತು ಅಡಿ ಜಾಗವಿದ್ದರೆ ಸಾಲದು. ಆಡುವವನು ಸುತ್ತಲೂ ನಿಂತು ಕೋಲನ್ನು ಹಿಂದಕ್ಕೆಳೆಯಬೇಕಷ್ಟೆ? ಆಡುವ ಹಾಸು 100 ಅಂಗುಲ ಉದ್ದ, 50 ಅಂಗುಲ ಅಗಲ. ಕೋಲು 58 ಅಂಗುಲ. ಎರಡು ಕಡೆಯೂ ಒಂದೊಂದು ಕೋಲಿನಷ್ಟು ಬಿಟ್ಟು ಲೆಕ್ಕ ಹಾಕಿದರೆ ಹದಿನೆಂಟು ಅಡಿ ಉದ್ದ, ಹದಿನಾಲ್ಕು ಅಡಿಗೆ ಸಮೀಪದ ಅಗಲವುಳ್ಳ ಕೋಣೆ ಬೇಕಾಗುತ್ತದೆ. ಬಾಡಿಗೆಯ ಮನೆಗಾಗಿ ಬೆಂಗಳೂರಿನ ಬೀದಿಗಳನ್ನು ಅಳೆದ ಗೃಹಸ್ಥರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಅಳತೆಯಲ್ಲಿ ಇಡೀ ಒಂದು ಸಂಸಾರವೇ ಬಾಳುವುದುಂಟು.

ಟ್ವೇನನಿಗೆ ಈ ಆಟದ ಗೀಳು ಹಿಡಿದದ್ದು ಇಂಥ ಅನುಕೂಲಗಳ ನಡುವೆ ಅಲ್ಲ. ತಾರುಣ್ಯದಲ್ಲಿ ಕ್ಯಾಲಿಫೋರ್ನಿಯದ ಜ್ಯಾಕಸ್ ಗಲ್ಚ್ ಎಂಬ ಗಣಿಯೂರಿನಲ್ಲಿ ಅವನು ಕಂಡ ಮೇಜಿನ ಬನಾತು ಹರಿದು ತೇಪೆ ಬಿದ್ದಿತ್ತು, ಚೆಂಡುಗಳು ಅಂಚು ಮುರಿದಿದ್ದವು, ಕೋಲುಗಳು ಸೊಟ್ಟ. ಒಬ್ಬ ಗಣಿಗಾರನು ಅದರ ಮೇಲೆ ಒಂದೇ ಸಮನೆ ಏಳು ಅಂಕ ಗಳಿಸಿದಾಗ ನೆರೆದವರ ಗಂಟಲು ಬಿರಿಯುವಂತೆ ಜಯಕಾರವಾಯಿತೆಂದು ಅವನು ಮುಪ್ಪಿನಲ್ಲಿಯೂ ನೆನೆಯುತ್ತಿದ್ದನು.

ಹಾರ್ಟ್‌ಫರ್ಡಿನ ಮನೆಗೆ ಟ್ವೇನ್ ದಂಪತಿಗಳು 1874ರಲ್ಲಿ, ಬಡಗಿಗಳು ಇನ್ನೂ ತಮ್ಮ ಉಳಿ ಕೊಡತಿಗಳನ್ನು ಎತ್ತಿಕೊಳ್ಳುವ ಮೊದಲೇ, ಬಂದು ಸೇರಿದರು. ಪತ್ನಿ ಒಲಿವಿಯ ಸಿರಿವಂತರ ಮಗಳು. ಮನೆಯ ಖರ್ಚಿನ ಬಹುಭಾಗ ಅವಳ ತವರಿನ ಹಣದಿಂದಲೇ ನಡೆಯಿತು. ಸೂಸಿ, ಕ್ಲಾರ, ಜೀನ್ ಎಂಬ ಮೂವರು ಹೆಣ್ಣುಮಕ್ಕಳು ಇಲ್ಲಿ ಬೆಳೆದರು. ಯಜಮಾನನು ಬರೆಯುವ ಕೆಲಸವನ್ನು ಮೊದಲು ಕೆಳಗಿನ ಅಂತಸ್ತಿನಲ್ಲಿ ಹೂಡಿದ್ದನಾದರೂ ಮಕ್ಕಳ ಗದ್ದಲಕ್ಕೆ ಸೋತು, ಮೇಲಿನ ಬಿಲಿಯರ್ಡ್ಸ್ ಕೋಣೆಗೇ ಹೋಗಿ ನೆಲಸಿದನು. ಆ ಕೋಣೆಯ ಮಾಳಿಗೆಯ ಮೇಲೆ ಒಂದನ್ನೊಂದು ಕತ್ತರಿಸುವ ಆಟದ ಕೋಲುಗಳನ್ನೂ, ಹೊಗೆಸೊಪ್ಪಿನ ಕೊಳವೆಗಳನ್ನೂ ಚಿತ್ರಿಸಿದ್ದಾರೆ. ಒಂದು ಮೂಲೆಯಲ್ಲಿ ಬರೆಯುವ ಮೇಜು. ಕಿಟಕಿಯ ನೋಟಕ್ಕೆ ಮನಸ್ಸು ಹರಿಯದಿರಲೆಂದು ಅದನ್ನು ಗೋಡೆಗೆ ಮುಖಮಾಡಿ ಹಾಕಿಸಿದ್ದನು. ಬರೆದ ಹಾಳೆಗಳನ್ನು ಹರಡಿಕೊಂಡು ಅಧ್ಯಾಯಗಳನ್ನು ಹಿಂದುಮುಂದು ಜೋಡಿಸಲು ಬಿಲಿಯರ್ಡ್ಸ್ ಮೇಜೇ ಅನುಕೂಲವಾಗುತ್ತಿತ್ತು. ಲೇಖನಿ ತಡವರಿಸಿದರೆ ಹಾಳೆಗಳನ್ನು ಬದಿಗೆ ಸರಿಸಿ ಕೋಲನ್ನು ಹಿಡಿದರಾಯಿತು. ಶುಕ್ರವಾರದ ರಾತ್ರಿಗಳಲ್ಲಿ ಗೆಳೆಯರ ಗುಂಪು ನೆರೆದು, ಚುಟ್ಟಿನ ಹೊಗೆ ಮಾಳಿಗೆಯನ್ನು ಮುಸುಕುವವರೆಗೆ ಆಟ ನಡೆಯುತ್ತಿತ್ತು. ಬೇಡದ ಅತಿಥಿಗಳು ಬಂದರೆ ಯಜಮಾನನು ಕೋಣೆಗೆ ಸೇರಿದ ಮೊಗಸಾಲೆಗೆ ಒಂದು ಹೆಜ್ಜೆ ಇಡುತ್ತಿದ್ದನಂತೆ. ‘ಯಜಮಾನರು ಹೊರಗೆ ಹೋಗಿದ್ದಾರೆ’ ಎಂದು ಸೇವಕನು ಸುಳ್ಳಾಡದೆ ಹೇಳಬಹುದಾಗಿತ್ತು!

ಈ ಸುಖಕ್ಕೆ ಕುತ್ತು ಬಂದದ್ದು ಒಂದು ಯಂತ್ರದಿಂದ. ಪೇಜ್ ಎಂಬವನು ಅಚ್ಚಿನ ಮೊಳೆಗಳನ್ನು ತಾನಾಗಿ ಜೋಡಿಸುವ ಯಂತ್ರವೊಂದನ್ನು ರಚಿಸುತ್ತಿದ್ದನು. ಬಾಲ್ಯದಲ್ಲಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಬೆರಳು ಸವೆಸಿದ್ದ ಟ್ವೇನನಿಗೆ ಅದು ಕಾಮಧೇನುವಿನಂತೆ ಕಂಡಿತು. ವರ್ಷಗಟ್ಟಲೆ ಹಣ ಸುರಿದನು. ಯಂತ್ರ ಸರಿಯಾಗಿ ನಡೆಯುವಷ್ಟರಲ್ಲಿ ಲೈನೋಟೈಪ್ ಎಂಬ ಬೇರೊಂದು ಯಂತ್ರ ಮಾರುಕಟ್ಟೆಯನ್ನು ಗೆದ್ದುಬಿಟ್ಟಿತ್ತು. ಅವನದೇ ಆದ ಪ್ರಕಾಶನ ಸಂಸ್ಥೆಯೂ ಕುಸಿಯತೊಡಗಿತು. ಹಾರ್ಟ್‌ಫರ್ಡಿನ ಮನೆಯನ್ನು ನಡೆಸುವುದು ಆನೆಯನ್ನು ಸಾಕಿದಂತಾಯಿತು. 1891ರಲ್ಲಿ ಬಾಗಿಲಿಗೆ ಬೀಗ ಹಾಕಿ, ಜೀವನ ಅಗ್ಗವಾಗಿದ್ದ ಯೂರೋಪಿಗೆ ಕುಟುಂಬವು ಹೊರಟಿತು.

ಅಲ್ಲಿಂದ ಮುಂದೆ ಬಾಡಿಗೆಯ ಮನೆಗಳ ಪರ್ವ. ಬರ್ಲಿನ್ನಿನಲ್ಲಿ ಕೆಲಕಾಲ ಒಂದು ಸಾಧಾರಣ ಬೀದಿಯ ಮಹಡಿ. ಅದು ಒಗ್ಗದೆ ಹೋಟಲು. 1892ರಲ್ಲಿ ಇಟಲಿಯ ಫ್ಲಾರೆನ್ಸಿನ ಹತ್ತಿರ ಸೆಟ್ಟಿನ್ಯಾನೋ ಬೆಟ್ಟದ ಮೇಲಿನ ವಿಲ್ಲಾ ವಿವಿಯಾನಿ. ಇದು ಮಾತ್ರ ಅವನಿಗೆ ಒಗ್ಗಿತು. ಆಲಿವ್ ತೋಪುಗಳ ನಡುವೆ ಕುಳಿತು, ಕೆಳಗೆ ಹರಡಿದ ನಗರದ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತ ಅವನು ಬರೆದದ್ದಕ್ಕೆ ಲೆಕ್ಕವಿಲ್ಲ. ಅಲ್ಲಿನ ನಡುಮನೆಯ ವಿಸ್ತಾರವನ್ನು ಕುರಿತು ಅವನು ನಗೆಯಾಡಿದ್ದಾನೆ. ಅಂಥ ಕೋಣೆಯಲ್ಲಿ ಬಿಲಿಯರ್ಡ್ಸ್ ಮೇಜನ್ನು ಹಾಕಲು ಸ್ಥಳಕ್ಕೆ ಕೊರತೆಯಿರಲಿಲ್ಲ. ಇದ್ದದ್ದು ಹಣದ ಕೊರತೆ.

1894ರಲ್ಲಿ ಪ್ರಕಾಶನ ಸಂಸ್ಥೆ ದಿವಾಳಿಯೆದ್ದಿತು. ಮರುವರ್ಷ ಮಾರ್ಚಿಯಲ್ಲಿ ಟ್ವೇನನು ವ್ಯವಹಾರಕ್ಕಾಗಿ ಅಮೆರಿಕಕ್ಕೆ ಬಂದವನು ಹಾರ್ಟ್‌ಫರ್ಡಿನ ತನ್ನ ಮನೆಯನ್ನು ಹೊಕ್ಕು ನೋಡಿದನು. ವಿಧಿಯ ವಿನೋದವೆನ್ನಬೇಕು: ಒಡೆಯನು ಪರದೇಶದಲ್ಲಿ ಪರರ ಮನೆಗಳಿಗೆ ಬಾಡಿಗೆ ಕೊಡುತ್ತಿದ್ದ ಆ ದಿನಗಳಲ್ಲಿ ಅವನ ಸ್ವಂತ ಮನೆಯನ್ನು ಪರಿಚಿತರೊಬ್ಬರ ಕುಟುಂಬವು ಬಾಡಿಗೆಗೆ ಹಿಡಿದಿತ್ತು. ಜಮಖಾನೆ, ಚಿತ್ರಪಟ, ಕುರ್ಚಿಗಳು ಎಲ್ಲವೂ ಇದ್ದಲ್ಲಿಯೇ ಇದ್ದವು. ಒಂದು ಕೆಟ್ಟ ಕನಸಿನಿಂದ ಎಚ್ಚೆತ್ತಂತಾಯಿತೆಂದೂ, ಹೆಂಡತಿಯು ಮಹಡಿಯಿಂದ ಮಕ್ಕಳೊಡನೆ ಈಗಲೇ ಇಳಿದು ಬರುವಳೆಂಬ ಭ್ರಮೆಯುಂಟಾಯಿತೆಂದೂ ಪ್ಯಾರಿಸಿನಲ್ಲಿದ್ದ ಒಲಿವಿಯಳಿಗೆ ಅವನು ಕಾಗದ ಬರೆದನು. ಸಾಲ ತೀರಿದೊಡನೆ ಹಿಂದಿರುಗಬೇಕೆಂಬ ಆಸೆ ಅಂದಿನಿಂದ ಬಲವಾಯಿತು.

ಸಾಲ ತೀರಿಸಲೆಂದೇ ಅರುವತ್ತನೆಯ ವಯಸ್ಸಿನಲ್ಲಿ ಉಪನ್ಯಾಸಗಳನ್ನು ಕೊಡುತ್ತ ಅವನು ಭೂಪ್ರದಕ್ಷಿಣೆಗೆ ಹೊರಟನು. ಒಲಿವಿಯಳೂ ನಡುವಣ ಮಗಳು ಕ್ಲಾರಳೂ ಜೊತೆಗಿದ್ದರು. ಸೂಸಿಯೂ ಜೀನಳೂ ಅಮೆರಿಕದಲ್ಲಿ ಉಳಿದರು. 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದು ಪುಣೆ, ಬರೋಡ, ಅಲಹಾಬಾದು, ಕಾಶಿ, ಕಲ್ಕತ್ತೆ, ಡಾರ್ಜಿಲಿಂಗುಗಳನ್ನು ಕಂಡನು. ಕನ್ನಡ ನಾಡಿನ ಕಡೆಗೆ ಬರಲಿಲ್ಲ. ಪ್ರವಾಸ ಮುಗಿಸಿ ಇಂಗ್ಲೆಂಡಿನ ಗಿಲ್ಫರ್ಡಿನಲ್ಲಿ ತಂಗಿದ್ದಾಗ ಸೂಸಿಗೆ ಕಾಯಿಲೆಯೆಂದು ವಾರ್ತೆ ಬಂದಿತು. ತಾಯಿಯೂ ತಂಗಿಯೂ ಹಡಗನ್ನೇರಿದರು. ಅವರು ನಡುಗಡಲಿನಲ್ಲಿದ್ದಾಗಲೇ, 1896ರ ಆಗಸ್ಟ್ 18ರಂದು, ಇಪ್ಪತ್ತನಾಲ್ಕು ವರ್ಷದ ಸೂಸಿ ಮಿದುಳಿನ ಪೊರೆಯ ಉರಿಯೂತದಿಂದ ತೀರಿಕೊಂಡಳು. ಹಾರ್ಟ್‌ಫರ್ಡಿಗೆ ಸ್ನೇಹಿತರನ್ನು ನೋಡಹೋಗಿದ್ದವಳು ಅಲ್ಲಿ ಹಾಸಿಗೆ ಹಿಡಿದಿದ್ದಳು. ಕೊನೆಯ ದಿನಗಳನ್ನು ಕಳೆದದ್ದು ತಾನು ಬೆಳೆದ ಕಾಲದ ಪರಿಚಿತ ಗೋಡೆಗಳ ನಡುವೆ, ಆ ಮನೆಯಲ್ಲಿಯೇ.

ಆಮೇಲೆ ಆ ಮನೆಗೆ ಹಿಂದಿರುಗುವ ಮಾತನ್ನು ಯಾರೂ ಎತ್ತಲಿಲ್ಲ. ಲಂಡನ್ನಿನ ಚೆಲ್ಸಿಯಲ್ಲಿ ಟೆಡ್‌ವರ್ತ್ ಚೌಕದ 23ನೆಯ ನಂಬರಿನ ಮನೆಯನ್ನು ಬಾಡಿಗೆಗೆ ಹಿಡಿದು, ಬಂಧುಮಿತ್ರರ ಕಣ್ಣಿಗೆ ಬೀಳದೆ, ಹಬ್ಬಹರಿದಿನಗಳನ್ನು ಬಿಟ್ಟು ಅವರು ದುಃಖದ ವರ್ಷವನ್ನು ಕಳೆದರು. ಇಂಡಿಯದ ಪ್ರಯಾಣವನ್ನು ಒಳಗೊಂಡ ‘ಫಾಲೋಯಿಂಗ್ ದಿ ಈಕ್ವೇಟರ್’ ಸಿದ್ಧವಾದದ್ದು ಅಲ್ಲಿ. ಕಾಶಿಯ ಘಟ್ಟಗಳನ್ನೂ ಮುಂಬಯಿಯ ಕಾಗೆಗಳನ್ನೂ ವರ್ಣಿಸುವ ಆ ನಗುವಿನ ಪುಟಗಳು ಎಂಥ ಮನೆಯಲ್ಲಿ ಹುಟ್ಟಿದುವೆಂಬುದನ್ನು ಓದುಗರು ಮರೆಯುವುದೇ ಹೆಚ್ಚು. 1898ರ ವೇಳೆಗೆ ಸಾಲವೆಲ್ಲ ಚುಕ್ತವಾಯಿತು. ಸಾಲ ತೀರಿದ ಮೇಲೂ ಹಾರ್ಟ್‌ಫರ್ಡ್ ದೂರವೇ ಉಳಿಯಿತು. ವಿಯೆನ್ನದ ಹೋಟಲುಗಳು, ಮತ್ತೆ ಲಂಡನ್, 1900ರಲ್ಲಿ ನ್ಯೂಯಾರ್ಕಿನಲ್ಲೊಂದು ಬಾಡಿಗೆಮನೆ, ಆಮೇಲೆ ಹಡ್ಸನ್ ನದಿಯ ದಡದ ರಿವರ್‌ಡೇಲಿನಲ್ಲೊಂದು. 1903ರಲ್ಲಿ ಹಾರ್ಟ್‌ಫರ್ಡಿನ ಮನೆಯನ್ನು ಮಾರಿಬಿಟ್ಟರು.

ಅದೇ ವರ್ಷ ಒಲಿವಿಯಳ ಆರೋಗ್ಯಕ್ಕಾಗಿ ಮತ್ತೆ ಫ್ಲಾರೆನ್ಸು. ಈ ಸಲ ಹಿಡಿದ ವಿಲ್ಲಾ ದಿ ಕ್ವಾರ್ತೋ ಅರಮನೆಯಷ್ಟು ದೊಡ್ಡದು. ಕೋಣೆಗಳ ದಾರಿ ಮರೆಯುವಷ್ಟು ಉದ್ದ. ಆದರೆ ಮನೆಯ ಒಡತಿಯೂ ಅದೇ ಆವರಣದಲ್ಲಿ ಬಿಡಾರ ಮಾಡಿದ್ದಳು. ಬಾಡಿಗೆಯವರಿಗೂ ಒಡತಿಗೂ ಆದ ಜಗಳ ನ್ಯಾಯಾಲಯದವರೆಗೆ ಹೋಯಿತು. ಅವಳನ್ನು ಕುರಿತು ಟ್ವೇನನು ಆತ್ಮಕಥೆಗಾಗಿ ಹೇಳಿ ಬರೆಯಿಸಿದ ಪುಟಗಳಷ್ಟು ಉರಿಯುಳ್ಳ ಬರಹ ಅವನಲ್ಲಿಯೂ ಅಪರೂಪ. ಎಷ್ಟು ದೊಡ್ಡ ಮನೆಯಾದರೇನು? 1904ರ ಜೂನ್ 5ರ ಸಂಜೆ ಒಲಿವಿಯ ಅಲ್ಲಿ ಕಣ್ಮುಚ್ಚಿದಳು.

ಆ ವರ್ಷವೇ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನ 21ನೆಯ ನಂಬರಿನ ಮನೆ ಬಾಡಿಗೆಗೆ ದೊರೆಯಿತು. ಇದೂ ಇಗರ್ಜಿಗಳನ್ನು ಕಟ್ಟಿದ ಶಿಲ್ಪಿಯೊಬ್ಬನ ಕೈಕೆಲಸ. ಕಮಾನಿನ ಕಿಟಕಿಗಳ, ಒಳಗೆ ಬೆಳಕು ಕಡಿಮೆಯಾದ ಮನೆ. ಎಪ್ಪತ್ತನ್ನು ದಾಟಿದ ವಿಧುರನು ಬಹುಹೊತ್ತು ಹಾಸಿಗೆಯಲ್ಲಿಯೇ ಒರಗಿಕೊಂಡು ಓದುತ್ತ, ಆತ್ಮಕಥೆಯನ್ನು ಹೇಳಿ ಬರೆಯಿಸುತ್ತ ದಿನ ಕಳೆಯುತ್ತಿದ್ದನು. ಸಾಲದ ದಿನಗಳಲ್ಲಿ ಅವನ ವ್ಯವಹಾರಗಳನ್ನು ಸರಿಪಡಿಸಿದ ಸಿರಿವಂತ ಮಿತ್ರ ಹೆನ್ರಿ ರಾಜರ್ಸನ ಪತ್ನಿಯು 1906ರಲ್ಲಿ ಕ್ರಿಸ್‌ಮಸ್ಸಿನ ಉಡುಗೊರೆಯಾಗಿ ಅವನಿಗೆ ಒಂದು ಬಿಲಿಯರ್ಡ್ಸ್ ಮೇಜನ್ನು ಕೊಡಿಸಿದಳು. ಹಾರ್ಟ್‌ಫರ್ಡನ್ನು ಬಿಟ್ಟು ಹದಿನೈದು ವರ್ಷಗಳಾಗಿದ್ದವು.

ಮೇಜನ್ನು ಎಲ್ಲಿ ಇಡಬೇಕು? ಮತ್ತೆ ಅದೇ ಅಡಿ ಅಂಗುಲಗಳ ಲೆಕ್ಕ. ಟ್ವೇನನು ತನ್ನ ಮಲಗುವ ಕೋಣೆಯನ್ನೇ ಮೇಜಿಗೆ ಬಿಟ್ಟುಕೊಟ್ಟು, ವೆನಿಸ್ಸಿನಿಂದ ತಂದಿದ್ದ ಕೆತ್ತನೆಯ ಮಂಚವನ್ನು ಪಕ್ಕದ ಕೋಣೆಗೆ ಸಾಗಿಸಿದನು. ಆತ್ಮಕಥೆಯ ಕೆಲಸ ಮುಗಿದೊಡನೆ ಆಟ; ಊಟವಾದ ಮೇಲೆ ಆಟ; ನಡುರಾತ್ರಿ ಮೀರುವವರೆಗೂ ಆಟ. ಜೊತೆಗಾರನು ಅವನ ಚರಿತ್ರೆಯನ್ನು ಬರೆಯಲು ಬಂದಿದ್ದ ಆಲ್ಬರ್ಟ್ ಬಿಗಲೋ ಪೇನ್. ಮುದುಕನ ಆಟಕ್ಕೆ ನಿಯಮಗಳು ಇರಲಿಲ್ಲವೆಂದಲ್ಲ. ಸೋಲು ಸಮೀಪಿಸಿದಾಗಲೆಲ್ಲ ಹೊಸದೊಂದು ನಿಯಮ ಹುಟ್ಟುತ್ತಿತ್ತು. ಚೆಂಡು ತಪ್ಪಿದರೆ ಬೈಗುಳ. ಬೈಗುಳ ಮುಗಿದರೆ ನಗು. ವೈದ್ಯರಿಗಿಂತ ಮೇಜೇ ಮೇಲೆಂದೂ, ಕೋಲು ಹಿಡಿದು ಅದರ ಸುತ್ತ ತಾನು ದಿನಕ್ಕೆ ಹತ್ತು ಮೈಲಿ ನಡೆಯುತ್ತಿರುವೆನೆಂದೂ ದಾನಿಗೆ ಬರೆದು ತಿಳಿಸಿದನು. ಹತ್ತು ಮೈಲಿಯ ಲೆಕ್ಕವನ್ನು ಟ್ವೇನನ ಲೆಕ್ಕವೆಂದೇ ತಿಳಿಯಬೇಕು. ಹಾಸಿಗೆಯಿಂದ ಎದ್ದದ್ದು ಮಾತ್ರ ನಿಜ.

ಕೊನೆಗೆ ಸ್ವಂತ ಮನೆಯೊಂದು ಆಯಿತು. ಕನೆಕ್ಟಿಕಟ್ಟಿನ ರೆಡಿಂಗಿನಲ್ಲಿ, ಇಟಲಿಯ ವಿಲ್ಲಾಗಳ ಮಾದರಿಯಲ್ಲಿ, ಗೆಳೆಯ ಹಾವೆಲ್ಸನ ಮಗ ಜಾನ್ ಮೀಡ್ ಹಾವೆಲ್ಸನು ಅದನ್ನು ಕಟ್ಟಿದನು. ಮನೆ ಪೂರ್ಣವಾಗುವವರೆಗೆ ತಾನು ಅದನ್ನು ನೋಡುವುದಿಲ್ಲವೆಂದು ಟ್ವೇನನು ಹಟ ಹಿಡಿದಿದ್ದನು. 1908ರ ಜೂನ್ 18ರಂದು ಮೊದಲ ಬಾರಿಗೆ ಹೊಸ್ತಿಲು ದಾಟಿದವನು ಅಂದು ರಾತ್ರಿಯೇ ಬಿಲಿಯರ್ಡ್ಸ್ ಕೋಣೆಯಲ್ಲಿ ಕೋಲು ಹಿಡಿದು ನಿಂತನು. ಸ್ಟಾರ್ಮ್‌ಫೀಲ್ಡ್ ಎಂದು ಹೆಸರಾದ ಆ ಮನೆಯಲ್ಲಿ ಒಂದು ಬೆಕ್ಕಿನ ಮರಿ ಇತ್ತು. ಮೇಜಿನ ಮೂಲೆಯ ಚೀಲದೊಳಗೆ, ಅದಕ್ಕೆಂದೇ ಹೊಲಿದ ಕುಪ್ಪಸದಂತೆ, ಸೇರಿಕೊಂಡು ತಲೆಯನ್ನಷ್ಟೇ ಹೊರಗೆ ಹಾಕಿ ಅದು ಆಟವನ್ನು ನೋಡುತ್ತಿತ್ತು. ಗುರಿಯಿಟ್ಟ ಚೆಂಡು ಹತ್ತಿರ ಬಂದೊಡನೆ ಪಂಜವನ್ನು ಚಾಚಿ ಅದನ್ನು ಬೇರೆಡೆಗೆ ತಳ್ಳಿಬಿಡುತ್ತಿತ್ತು. ಬೇರೆಯವರ ಮೇಲೆ ನಿಯಮಗಳನ್ನು ಹೇರುತ್ತಿದ್ದ ಯಜಮಾನನು ಮರಿಯನ್ನು ಮಾತ್ರ ಗದರಿಸಲಿಲ್ಲ.

ಆ ಮನೆಯ ಸುಖವೂ ಎರಡು ವರ್ಷ ತುಂಬಲಿಲ್ಲ. 1909ರ ಡಿಸೆಂಬರ್ 24ರ ಬೆಳಗ್ಗೆ, ಅಪಸ್ಮಾರದಿಂದ ನರಳುತ್ತಿದ್ದ ಕಿರಿಯ ಮಗಳು ಜೀನ್ ಸ್ನಾನದ ಕೋಣೆಯಲ್ಲಿ ಮೃತಳಾದಳು. ನಾಲ್ಕು ತಿಂಗಳು ಕಳೆದು, 1910ರ ಏಪ್ರಿಲ್ 21ರಂದು ತಂದೆಯೂ ತೀರಿಕೊಂಡನು. 1923ರಲ್ಲಿ ಸ್ಟಾರ್ಮ್‌ಫೀಲ್ಡ್ ಬೆಂಕಿಗೆ ಆಹುತಿಯಾಯಿತು. ಫಿಫ್ತ್ ಅವೆನ್ಯೂವಿನ ಮನೆಯನ್ನು 1954ರಲ್ಲಿ ಕೆಡವಿದರು.

ಹಾರ್ಟ್‌ಫರ್ಡಿನ ಮನೆಗೂ ಅದೇ ಗತಿ ಕಾದಿತ್ತು. ಮಾರಾಟವಾದ ಮೇಲೆ ಅದು ಶಾಲೆಯಾಯಿತು. ಬಾಡಿಗೆಯ ಬಿಡಾರಗಳಾಗಿ ಹಂಚಿಹೋಯಿತು. ಒಂದು ಭಾಗದಲ್ಲಿ ವಾಚನಾಲಯ ನಡೆಯಿತು. 1929ರಲ್ಲಿ ಊರಿನ ಅಭಿಮಾನಿಗಳು ಹಣ ಕೂಡಿಸಿ ಅದನ್ನು ಕೊಂಡರು. ಗೋಡೆಗಳ ಹಳೆಯ ಬಣ್ಣವನ್ನು ಕೆರೆದು ಹುಡುಕಿ, ಚದರಿಹೋದ ಸಾಮಾನುಗಳನ್ನು ಒಂದೊಂದಾಗಿ ತಂದು ಸೇರಿಸಿ, ಮನೆ ಕಟ್ಟಿ ನೂರು ವರ್ಷ ತುಂಬಿದ 1974ರ ವೇಳೆಗೆ ಮೊದಲಿನ ರೂಪಕ್ಕೆ ತಂದರು. ಈಗ ಅದು ವಸ್ತುಸಂಗ್ರಹಾಲಯ. ಪ್ರವಾಸಿಗಳು ಕರಿಮರದ ಮೆಟ್ಟಿಲುಗಳನ್ನೇರಿ, ಮಕ್ಕಳ ಕೋಣೆಗಳನ್ನು ದಾಟಿ, ಮೂರನೆಯ ಅಂತಸ್ತಿಗೆ ಬರುತ್ತಾರೆ. ನಡುವೆ ಹಸಿರು ಬನಾತಿನ ಮೇಜು. ಮೂಲೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಗೋಡೆಯನ್ನು ನೋಡುತ್ತ ಬರೆಯುವ ಸಣ್ಣ ಮೇಜು.