ದೀಪಾವಳಿ ಮುಗಿಸಿ ತೀರ್ಥನ್‌ಗೆ

2006ರಲ್ಲಿ ದೀಪಾವಳಿ ಅಕ್ಟೋಬರ್ 21ಕ್ಕೆ ಬಂದಿತ್ತು. ನಾನೀಗ ಹೇಳುವ ಕಥೆ ಪೂರ್ತಿ ನಿಂತಿರುವುದು ಆ ತಾರೀಖಿನ ಮೇಲೆ. ಅದರ ಹಿಂದಿನ ವರ್ಷದ ಹಾಗೆ ಹಬ್ಬ ನವೆಂಬರ್ 1ಕ್ಕೆ ಬಿದ್ದಿದ್ದರೆ ನಾವು ಹೊರಡುತ್ತಲೇ ಇರಲಿಲ್ಲ. ಮುಂಬಯಿಯ ಶಾಲೆಗಳಿಗೆ ದೀಪಾವಳಿ ರಜೆ ಸಿಗುವ ಹೊತ್ತಿಗೆ ಹಿಮಾಚಲದ ಹೊಳೆಗಳಲ್ಲಿ ಟ್ರೌಟ್ ಹಿಡಿಯುವುದು ಬಂದ್ ಆಗಿರುತ್ತಿತ್ತು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಆ ಮೀನಿಗೆ ಗಾಳ ಹಾಕುವಂತಿಲ್ಲ.

ಆಸೆ ಹುಟ್ಟಿಸಿದವರು ನಮ್ಮ ಬ್ಯಾಂಕಿನ ಶಾಖೆಯಲ್ಲಿದ್ದ ಒಬ್ಬ ಸಹೋದ್ಯೋಗಿ, ಕುಲ್ಲು ಜಿಲ್ಲೆಯ ಬಂಜಾರ್ ಕಡೆಯವರು. ನಾನು ಮಲ್ಪೆಯ ಮೊಗವೀರ ಎಂದು ಗೊತ್ತಾದ ದಿನದಿಂದ ಅವರದು ಒಂದೇ ಮಾತು: ಸಮುದ್ರದ ಮೀನು ಸಾಕು, ಒಮ್ಮೆ ನಮ್ಮ ತೀರ್ಥನ್ ಹೊಳೆಯ ಮೀನು ನೋಡಿ ಬನ್ನಿ. ಗುಶೈಣಿಯಲ್ಲಿ ಅವರ ಬಂಧುಗಳ ಮನೆಯಿತ್ತು, ಉಳಿಯುವ ಚಿಂತೆಯಿರಲಿಲ್ಲ. ನಾನು ಇದನ್ನು ಮನೆಯಲ್ಲಿ ಹೇಳಿದ್ದು ಮಾರ್ಚ್ ತಿಂಗಳಲ್ಲಿ. ಎಂಟನೇ ತರಗತಿಗೆ ಕಾಲಿಡಲಿದ್ದ ಮಗ ಅಂದೇ ರಾತ್ರಿ ಅಟ್ಲಾಸ್ ಬಿಚ್ಚಿ ಕುಳಿತ. ಮರುದಿನ ಬೆಳಿಗ್ಗೆ ಸೋದರಮಾವನಿಗೆ ಫೋನು ಹೋಯಿತು. ನಮ್ಮಲ್ಲಿ ಮಾವನನ್ನು ಕೇಳದೆ ಯಾವ ದೊಡ್ಡ ಕೆಲಸವೂ ಶುರುವಾಗುವುದಿಲ್ಲ. ಮೀನಿನ ಕೆಲಸವಂತೂ ಇಲ್ಲವೇ ಇಲ್ಲ.

ಮಾವನಿಗೆ ಆಗ ಎಪ್ಪತ್ತು ಸಮೀಪಿಸಿತ್ತು. ಹುಡುಗನಾಗಿದ್ದಾಗಿನಿಂದ ಮಲ್ಪೆಯಲ್ಲಿ ರಂಪಣಿ ಎಳೆದವರು. ಊರಿಗೆ ಊರೇ ಎರಡು ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಿದ್ದ ಆ ಬಲೆ, 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿತು. ಮಾವ ಮುಂಬಯಿಗೆ ಬಂದು ಸಸೂನ್ ಡಾಕಿನಲ್ಲಿ ಬೋಟಿನವರ ಲೆಕ್ಕ ಬರೆಯುವ ಕೆಲಸ ಹಿಡಿದರು. ರಂಪಣಿಯ ಕಾಲದಲ್ಲಿ ದಡದ ಮೇಲೆ ನಿಂತು ನೀರಿನ ಬಣ್ಣ ನೋಡಿ, ಅಲ್ಲಿ ಬಂಗುಡೆ ಇದೆ, ಇಲ್ಲಿ ಬೂತಾಯಿ ಇದೆ ಎಂದು ಹೇಳುವವರು ಇರುತ್ತಿದ್ದರು. ಮಾವ ಅವರಲ್ಲೊಬ್ಬರ ಕೈಕೆಳಗೆ ಪಳಗಿದವರು. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಅಂಧೇರಿಯ ಮೊಗವೀರ ಭವನಕ್ಕೆ ಹೋಗಿ ಹಳೆಯ ಜೊತೆಗಾರರೊಡನೆ ಅದೇ ಮಾತು. 1902ರಷ್ಟು ಹಿಂದೆಯೇ ಈ ನಗರದಲ್ಲಿ ತನ್ನ ಮಂಡಳಿ ಕಟ್ಟಿಕೊಂಡ ಜನ ನಾವು. ಆದರೆ ಆ ಭವನದಲ್ಲಿ ಟ್ರೌಟಿನ ಮಾತು ಬಂದದ್ದು ಬಹುಶಃ ಅದೇ ಮೊದಲು.

ಭಾನುವಾರ ಬೋರಿವಲಿಯ ನಮ್ಮ ಮನೆಗೆ ಬಂದ ಮಾವ ಗಾಳದ ಬಗ್ಗೆ, ರಾಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

‘ಆ ಹೊಳೆಗೆ ನೀರು ಎಲ್ಲಿಂದ ಬರ್ತದೆ?’ ಎಂದರು.

‘ಮೇಲೆ ಹಿಮ ಇದೆ ಮಾವ, ಅದು ಕರಗಿ ಬರ್ತದೆ.’

‘ಕರಗುವುದು ಯಾವಾಗ?’

‘ಮೇ, ಜೂನ್.’

‘ಹಾಗಾದ್ರೆ ಮೇ ತಿಂಗಳಿಗೆ ಹೋಗುವುದು ಬೇಡ ಮಗಾ.’

ನಮ್ಮ ಲೆಕ್ಕವಿದ್ದದ್ದು ಮೇ ರಜೆಯ ಮೇಲೆ. ಹೆಂಡತಿ ಆಗಲೇ ಸ್ವೆಟರ್‌ಗಳನ್ನು ಬಿಸಿಲಿಗೆ ಹಾಕಿದ್ದಳು. ಮಾವ ಕದಲಲಿಲ್ಲ. ನೀರು ಏರುವಾಗ ಕಲಕುತ್ತದೆ, ಕಲಕಿದ ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನು ಗಾಳ ನೋಡುವುದಿಲ್ಲ ಎಂದರು. ಟ್ರೌಟ್ ಕಣ್ಣಿನಿಂದ ಬೇಟೆಯಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗ ತಂದು ತೋರಿಸಿದ ಚಿತ್ರದಲ್ಲಿ ಅದರ ಕಣ್ಣಿನ ಗಾತ್ರ ನೋಡಿ ಹೇಳಿದ್ದು. ನಾನು ಸಹೋದ್ಯೋಗಿಯನ್ನು ಕೇಳಿದೆ. ಅವರು ಅದನ್ನೇ ಹೇಳಿದರು: ಮಾರ್ಚ್, ಏಪ್ರಿಲ್ ಒಳ್ಳೆಯದು, ಆಮೇಲೆ ಹಿಮದ ನೀರು, ಅದರ ಹಿಂದೆಯೇ ಮಳೆ, ಮಳೆ ನಿಂತು ಹೊಳೆ ತಿಳಿಯಾಗುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಮತ್ತೆ ಒಳ್ಳೆಯದು. ಕ್ಯಾಲೆಂಡರ್ ಗೋಡೆಯಿಂದ ಕೆಳಗಿಳಿಯಿತು. ದಸರಾ ಅಕ್ಟೋಬರ್ 2ಕ್ಕೆ. ಅಂದಿನಿಂದ ವಾರವಿಡೀ ಕುಲ್ಲುವಿನಲ್ಲಿ ಊರೂರ ದೇವರು ಸೇರುವ ಜಾತ್ರೆ, ರಸ್ತೆ ತುಂಬ ಜನ. ದೀಪಾವಳಿ 21ಕ್ಕೆ. ಹಬ್ಬ ಮುಗಿಸಿ ರೈಲು ಹತ್ತಿದರೆ ಹೊಳೆ ಬಂದ್ ಆಗುವ ಮೊದಲು ನಮಗೊಂದು ವಾರ ಸಿಗುತ್ತಿತ್ತು. ಮಾವ ಆ ವಾರದ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು.

ಜುಲೈ 11ರ ಸಂಜೆ ನಮ್ಮ ಪಶ್ಚಿಮ ರೈಲ್ವೆ ಲೈನಿನಲ್ಲಿ ಏಳು ಲೋಕಲ್‌ಗಳಲ್ಲಿ ಬಾಂಬ್ ಸಿಡಿದವು. ಒಂದು ನಮ್ಮ ಬೋರಿವಲಿಯಲ್ಲೇ. ಸುಮಾರು 200 ಜನ ಹೋದರು. ದಿನವೂ ಅದೇ ಹಳಿಯ ಮೇಲೆ ಚರ್ಚ್‌ಗೇಟಿಗೆ ಹೋಗಿಬರುವ ನನಗೆ ಆಮೇಲಿನ ಎಷ್ಟೋ ವಾರ ಮೀನಿನ ನೆನಪೇ ಇರಲಿಲ್ಲ. ಸಂಜೆ ಬಾಗಿಲು ತೆರೆಯುವಾಗ ಹೆಂಡತಿಯ ಮುಖ ಹೇಗಿರುತ್ತಿತ್ತು ಎಂಬುದಷ್ಟೇ ಆ ದಿನಗಳಿಂದ ಉಳಿದಿದೆ. ರಿಸರ್ವೇಶನ್ ತೆರೆಯುವ ದಿನ ಬಂದಾಗ, ಬೇಡ ಬಿಡೋಣ ಎಂದು ನಾನೇ ಅಂದೆ. ಮಾವ ಉತ್ತರ ಕೊಡಲಿಲ್ಲ. ನಸುಕಿಗೇ ಬೋರಿವಲಿ ಸ್ಟೇಷನ್ನಿನ ಕೌಂಟರಿಗೆ ಹೋಗಿ ಸಾಲಿನಲ್ಲಿ ನಿಂತು, ಪಶ್ಚಿಮ್ ಎಕ್ಸ್‌ಪ್ರೆಸ್ಸಿನಲ್ಲಿ ಅಂಬಾಲಾದವರೆಗೆ ನಾಲ್ಕು ಟಿಕೆಟ್ ಮಾಡಿಸಿಕೊಂಡು ಬಂದು ಮೇಜಿನ ಮೇಲಿಟ್ಟರು.

ಅಲ್ಲಿಂದ ತಯಾರಿ ಮತ್ತೆ ಶುರುವಾಯಿತು. ಪೊವಾಯಿ ಕೆರೆಯಲ್ಲಿ ಗಾಳದವರ ಹಳೆಯ ಸಂಘವೊಂದಿದೆ. 1891ರಲ್ಲಿ ಕಟ್ಟಿದ ಆ ಕೆರೆಯಲ್ಲಿ ಅದರ ಸದಸ್ಯರು ಕಟ್ಲಾ, ರೋಹು ಹಿಡಿಯುತ್ತಾರೆ. ಅಲ್ಲೊಬ್ಬ ವಯಸ್ಸಾದ ಪಾರ್ಸಿ ಸಜ್ಜನರ ಪರಿಚಯವಾಯಿತು. ಯೌವನದಲ್ಲಿ ಕಾಶ್ಮೀರದ ಲಿದ್ದರ್ ಹೊಳೆಯಲ್ಲಿ ಟ್ರೌಟ್ ಹಿಡಿದವರು. ಕೆರೆಯ ದಡದಲ್ಲಿ ಮಾವನೂ ಅವರೂ ಹರಕು ಹಿಂದಿಯಲ್ಲಿ ಗಂಟೆಗಟ್ಟಲೆ ಮಾತಾಡಿದರು. ಈ ಮೀನು ನಮ್ಮ ದೇಶದ್ದೇ ಅಲ್ಲ ಎಂದು ನಮಗೆ ಗೊತ್ತಾದದ್ದು ಅವರಿಂದಲೇ. ಮನೆಯ ಹೊಳೆ ನೆನೆದು ಕೊರಗುತ್ತಿದ್ದ ಇಂಗ್ಲಿಷರು ಮೊಟ್ಟೆಗಳನ್ನು ಹಡಗಿನಲ್ಲಿ ತಂದರು. 1863ರಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ತಂದ ಪ್ರಯತ್ನ ಕೈಗೂಡಲಿಲ್ಲ. 1900ರಲ್ಲಿ ಕಾಶ್ಮೀರದಲ್ಲಿ ನೆಲೆ ಸಿಕ್ಕಿತು, ಅಲ್ಲಿಂದ 1909ರಲ್ಲಿ ಕುಲ್ಲುವಿಗೆ. ಅಷ್ಟು ಬಿಸಿ ಸಮುದ್ರ ದಾಟಿ ಜೀವಂತ ಮೊಟ್ಟೆ ತಂದವರ ತಾಳ್ಮೆಯನ್ನು ಮಾವ ಬಾಯಿತುಂಬ ಹೊಗಳಿದರು. ಐಸಿಲ್ಲದೆ ಬಂಗುಡೆಯನ್ನು ಒಂದು ಹಗಲು ಉಳಿಸುವುದು ಎಷ್ಟು ಕಷ್ಟ ಎಂದು ಬಲ್ಲವರು ಅವರು.

ಆ ಮೀನಿಗೆ ತಣ್ಣನೆಯ ನೀರೇ ಯಾಕೆ ಬೇಕು ಎಂಬುದನ್ನು ಮಗ ತನ್ನ ವಿಜ್ಞಾನದ ಮೇಷ್ಟ್ರಿಂದ ಕೇಳಿಕೊಂಡು ಬಂದ. ನೀರು ತಣ್ಣಗಾದಷ್ಟೂ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಇದ್ದರೆ, 30 ಡಿಗ್ರಿಯಲ್ಲಿ ಏಳೂವರೆ. 20 ಡಿಗ್ರಿ ದಾಟಿದರೆ ಟ್ರೌಟಿಗೆ ಕಷ್ಟ ಶುರು. ಹಾಗಾಗಿ ಅದು ನೊರೆಯೆದ್ದು ಓಡುವ ನೀರನ್ನು ಹುಡುಕುತ್ತದೆ, ಹರಿವಿಗೆ ಮುಖ ಕೊಟ್ಟು ಕಲ್ಲಿನ ಮರೆಯಲ್ಲಿ ನಿಂತು ತೇಲಿಬರುವ ಹುಳುವಿಗೆ ಕಾಯುತ್ತದೆ. ‘ಹಾಗಾದ್ರೆ ನಾವು ಹಿಂದಿನಿಂದ, ಕೆಳಗಿನಿಂದ ಮೇಲಕ್ಕೆ ಹೋಗಬೇಕು’ ಎಂದರು ಮಾವ. ಪಾರ್ಸಿ ಸಜ್ಜನರು ಮುಂದಿನ ವಾರ ಹೇಳಿಕೊಡಬೇಕೆಂದಿದ್ದ ಪಾಠವೂ ಅದೇ ಆಗಿತ್ತು.

ಫ್ಲೈ ಹಾಕುವುದನ್ನು ಕಲಿಯಲು ವರ್ಷಗಳು ಬೇಕು, ಮೊದಲ ಸಲಕ್ಕೆ ಸ್ಪಿನ್ನರ್ ಸಾಕು ಎಂದು ತೀರ್ಮಾನವಾಯಿತು. ಎಳೆದಾಗ ಗಿರಗಿರ ತಿರುಗುವ ಸಣ್ಣ ಲೋಹದ ಎಲೆ, ಅದರ ಹಿಂದೆ ಗಾಳ. ಮಾವನಿಗೆ ಅದು ಹೊಸತೇನಲ್ಲ. ಬೋಟಿನ ಹಿಂದೆ ಹೊಳೆಯುವ ತಗಡು ಎಳೆದು ಅಂಜಲ್ ಹಿಡಿಯುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಕಟ್ಟಡದ ಟೆರೇಸಿನ ಮೇಲೆ ಬಕೆಟ್ ಇಟ್ಟು, ಗಾಳ ಬಿಚ್ಚಿದ ಸ್ಪಿನ್ನರನ್ನು ಅದರೊಳಗೆ ಬೀಳಿಸುವ ಅಭ್ಯಾಸ ಮಗನಿಗೆ ದಿನವೂ ನಡೆಯಿತು. ಒಂದು ಸಂಜೆ ಮಾವ ಸಣ್ಣ ಇಕ್ಕಳ ಹಿಡಿದುಕೊಂಡು ಕುಳಿತು ಗಾಳಗಳ ತುದಿಯಲ್ಲಿದ್ದ ಹಿಮ್ಮುಳ್ಳುಗಳನ್ನೆಲ್ಲ ಒಂದೊಂದಾಗಿ ಒತ್ತಿ ಮಟ್ಟಮಾಡಿದರು. ಮೀನು ತಪ್ಪಿಸಿಕೊಳ್ಳುತ್ತದಲ್ಲ ಅಜ್ಜ ಎಂದು ಮಗ ತಡೆದ.

‘ನಾವು ಹೋಗುವುದು ಎಂಥ ಸಮಯಕ್ಕೆ, ಹೇಳು? ಬಂದ್ ಆಗಲಿಕ್ಕೆ ನಾಲ್ಕು ದಿನ ಇದೆ ಅಂದ್ರೆ ಹೆಣ್ಣು ಮೀನಿನ ಹೊಟ್ಟೆ ತುಂಬ ಮೊಟ್ಟೆ. ಅದನ್ನು ಬಿಡಬೇಕು. ಬಿಡುವ ಮೀನಿನ ಬಾಯಿ ಹರಿಯಬಾರದು.’

ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದ ಆರಂಭದಲ್ಲಿ. ಹೆಣ್ಣು ಬಾಲದಿಂದ ಜಲ್ಲಿಕಲ್ಲು ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ಶುದ್ಧ ನೀರು ಹರಿಯುತ್ತಲೇ ಇರಬೇಕು. ಹೂಳು ತುಂಬಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಇದನ್ನು ಕೇಳಿದ ಮೇಲೆ ಮಾವನಿಗೆ ಆ ಮೀನಿನ ಮೇಲೆ ಒಂದು ಬಗೆಯ ಗೌರವವೇ ಹುಟ್ಟಿತು. ಬಂಗುಡೆ ನೀರಿನಲ್ಲಿ ಮೊಟ್ಟೆ ಚೆಲ್ಲಿ ಹೋಗಿಬಿಡುತ್ತದೆ, ಇದು ಮನೆ ಕಟ್ಟುತ್ತದಲ್ಲ ಎಂದು ಭವನದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ರಾಡುಗಳನ್ನು ರೈಲಿನಲ್ಲಿ ಒಯ್ಯಲು ಪಿವಿಸಿ ಪೈಪು ಚೆನ್ನಾಗಿತ್ತು. ಆದರೆ ಆ ವರ್ಷ, ಆ ಲೈನಿನಲ್ಲಿ, ಎರಡೂ ಬಾಯಿ ಮುಚ್ಚಿದ ಪೈಪು ಹೆಗಲಿಗೇರಿಸಿ ಸ್ಟೇಷನ್ನಿಗೆ ಹೋಗುವುದು ಸರಿಯಲ್ಲ ಎನಿಸಿತು. ಜನ ಹೆದರುತ್ತಾರೆ. ಕೊನೆಗೆ ರಾಡುಗಳನ್ನು ಬಟ್ಟೆಯಲ್ಲಿ ಸುತ್ತಿ, ತುದಿ ಹೊರಗೆ ಕಾಣುವ ಹಾಗೆ ಕಟ್ಟಿದೆವು. ಪೊಲೀಸರು ಕೇಳಿದಾಗ ಮಗನೇ ಬಿಚ್ಚಿ ತೋರಿಸಿದ.

ಹೆಂಡತಿಯದೊಂದು ಷರತ್ತಿತ್ತು: ರಜೆಯೆಂದರೆ ಬರೀ ಮೀನಲ್ಲ. ಜಲೋರಿ ಪಾಸ್ ನೋಡಬೇಕು, ಚೆಹ್ನಿಯ ಮರ-ಕಲ್ಲಿನ ಎತ್ತರದ ಕೋಠಿ ನೋಡಬೇಕು. ಆ ಕೋಠಿಯ ಹತ್ತಿರ ಶೃಂಗ ಋಷಿಯ ಗುಡಿಯಿದೆ, ಬಂಜಾರ್ ಕಣಿವೆಗೆ ಅವನೇ ದೇವರು ಎಂದು ಸಹೋದ್ಯೋಗಿ ಹೇಳಿದಾಗ ನನ್ನ ಅಮ್ಮ ಎದ್ದು ಕೂತಳು. ‘ನಮ್ಮ ಕಿಗ್ಗದ ಋಷ್ಯಶೃಂಗನಾ?’ ಶೃಂಗೇರಿಯ ಪಕ್ಕದ ಕಿಗ್ಗದಲ್ಲಿ ಮಳೆಗಾಗಿ ಪೂಜೆಗೊಳ್ಳುವ ಆ ಮುನಿ ಅಷ್ಟು ದೂರದ ಬೆಟ್ಟದಲ್ಲೂ ಇದ್ದಾನೆಂದು ತಿಳಿದು ಅವಳಿಗೆ ನಾವೆಲ್ಲೋ ಪರದೇಶಕ್ಕೆ ಹೋಗುತ್ತಿದ್ದೇವೆಂಬ ಭಯವೇ ಹೋಯಿತು. ಕಾಲುನೋವಿನಿಂದ ಅವಳು ಬರುವಂತಿರಲಿಲ್ಲ. ಹಣ್ಣುಕಾಯಿಗೆಂದು ದುಡ್ಡು ಕಟ್ಟಿಕೊಟ್ಟಳು. ಮಾವ ತಮ್ಮ ಪಾಲಿಗೆ ಪುಳಿಮುಂಚಿಯ ಮಸಾಲೆ ಅರೆಸಿ, ಹುರಿಸಿ, ಡಬ್ಬಿಗೆ ತುಂಬಿಸಿಕೊಂಡರು.

ಪ್ರಯಾಣದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅಂಬಾಲಾದಲ್ಲಿ ಇಳಿದು ಬಸ್ಸು, ಮಂಡಿ ದಾಟಿ ಔಟ್, ಅಲ್ಲಿ ಬಿಯಾಸ್ ನದಿಯ ದೊಡ್ಡ ರಸ್ತೆ ಬಿಟ್ಟು ಲಾರ್ಜಿ ಕಡೆಗೆ. ಲಾರ್ಜಿಯಲ್ಲಿ 126 ಮೆಗಾವಾಟಿನ ಯೋಜನೆಯ ಹೊಸ ಅಣೆಕಟ್ಟು, ಹಿಂದೆ ಹಸಿರುಗಟ್ಟಿ ನಿಂತ ನೀರು. ಮಾವ ಕಿಟಕಿಯಿಂದ ಅದನ್ನೇ ನೋಡುತ್ತ ಕುಳಿತರು. ಅಲ್ಲಿಂದ ಮೇಲೆ ತೀರ್ಥನ್ ಮಾತ್ರ ಕಟ್ಟೆಯಿಲ್ಲದೆ ಓಡುತ್ತದೆ. ಅದರ ಮೇಲೂ ಸಣ್ಣ ವಿದ್ಯುತ್ ಯೋಜನೆಗಳ ಸಾಲು ಬರುವುದಿತ್ತು. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮುಂದೆ ನಿಂತು, ಊರವರು ಹೈಕೋರ್ಟಿನ ಮೆಟ್ಟಿಲು ಹತ್ತಿ, ಯೋಜನೆಗಳನ್ನು ನಿಲ್ಲಿಸಿದರು. ಈ ಹೊಳೆಯಲ್ಲಿ ಟ್ರೌಟ್ ಇದೆ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಹೊರಗಿನಿಂದ ಬಂದ ಮೀನು ತನಗೆ ನೆಲೆ ಕೊಟ್ಟ ಹೊಳೆಯನ್ನು ಕಾಯಿತು ಎಂದು ನನಗನ್ನಿಸುತ್ತದೆ. ಮುಂಬಯಿಯಲ್ಲಿ ಮೂರು ತಲೆಮಾರು ಬದುಕಿದ ಮನೆಯವನಾಗಿ ನನಗೆ ಅದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಪರವಾನಗಿ ಮಾಡಿಸಿಕೊಂಡು ಮರುದಿನ ಬೆಳಿಗ್ಗೆ ಮೀನುಗಾರಿಕೆ ಇಲಾಖೆಯ ಕಾವಲುಗಾರನೊಬ್ಬನ ಜೊತೆ ಹೊಳೆಗೆ ಇಳಿದೆವು. ಮಾವ ದಡದ ಬಂಡೆಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದರು. ಆಮೇಲೆ ಕೈ ಚಾಚಿ, ಎರಡು ಬಂಡೆಗಳ ನಡುವೆ ಬಿಳಿ ನೊರೆ ಮುಗಿದು ನೀರು ಕಪ್ಪಾಗುವ ಒಂದು ಜಾಗ ತೋರಿಸಿದರು. ಕಾವಲುಗಾರ ನಗುತ್ತ ತಲೆಯಾಡಿಸಿದ; ಅವನೂ ಅಲ್ಲಿಗೇ ಕರೆದೊಯ್ಯಲಿದ್ದ. ಮಗನ ಸ್ಪಿನ್ನರ್ ಮೊದಲು ಬಂಡೆಗೆ ಬಡಿಯಿತು, ಆಮೇಲೆ ತೀರ ಕೆಳಗೆ ಬಿತ್ತು, ಆಮೇಲೆ ಸರಿಯಾಗಿ ನೊರೆಯ ತುದಿಗೆ ಬಿತ್ತು. ರಾಡು ಬಾಗಿತು.

ಬಂದದ್ದು ಹೆಣ್ಣು. ಬೆನ್ನು ಕಂದು, ಪಕ್ಕದಲ್ಲಿ ಕಪ್ಪು-ಕೆಂಪು ಚುಕ್ಕೆಗಳು, ಹೊಟ್ಟೆ ತುಂಬಿ ಉಬ್ಬಿತ್ತು. ‘ಒಣ ಕೈಯಲ್ಲಿ ಮುಟ್ಟಬೇಡ!’ ಎಂದು ಮಾವ ಕೂಗಿದರು. ಮಗ ಕೈ ನೆನೆಸಿ, ನೀರಿನಲ್ಲೇ ಗಾಳ ಬಿಡಿಸಿ, ಮೀನಿನ ಮುಖವನ್ನು ಹರಿವಿನ ಕಡೆ ಹಿಡಿದುಕೊಂಡ. ಅದು ಸ್ವಲ್ಪ ಹೊತ್ತು ಅವನ ಅಂಗೈಯಲ್ಲೇ ಉಸಿರಾಡಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅಳತೆಗೆ ಸರಿಯಾದ ಒಂದು ಗಂಡು ಸಿಕ್ಕಿತು. ಅದು ಗುಶೈಣಿಯ ಒಲೆಯ ಮೇಲೆ ಪುಳಿಮುಂಚಿಯಾಯಿತು. ಒಂದು ತುತ್ತು ಬಾಯಿಗಿಟ್ಟ ಮಾವ, ಈ ಮೀನಿಗೆ ಇಷ್ಟು ಖಾರ ಬೇಡವಿತ್ತು, ಉಪ್ಪು ಅರಿಶಿನವೇ ಸಾಕಿತ್ತು ಎಂದರು. ಕಾವಲುಗಾರ ಮಾತ್ರ ಇನ್ನೊಮ್ಮೆ ಬಡಿಸಿಕೊಂಡ.

ಮರುದಿನ ಮಾವ ಹೊಳೆಗೆ ಬರಲೇ ಇಲ್ಲ. ನಾಗಿನಿಯಲ್ಲಿ ಸರ್ಕಾರದ ಟ್ರೌಟ್ ಸಾಕಣೆ ಕೇಂದ್ರವಿದೆ, ಅಲ್ಲಿಗೆ ಹೋದರು. ಹೊಳೆಯ ನೀರು ಹರಿದುಹೋಗುವ ಉದ್ದನೆಯ ತೊಟ್ಟಿಗಳು. ಬರುವ ತಿಂಗಳಿಗೆಂದು ತಾಯಿಮೀನುಗಳನ್ನು ಆರಿಸಿ, ಗಂಡು ಹೆಣ್ಣು ಬೇರೆ ಮಾಡುತ್ತಿದ್ದರು. ನಾವು ಚೆಹ್ನಿ ನೋಡಿ, ಶೃಂಗ ಋಷಿಗೆ ಅಮ್ಮನ ಹಣ್ಣುಕಾಯಿ ಒಪ್ಪಿಸಿ, ಸಂಜೆ ಅವರನ್ನು ಕರೆದೊಯ್ಯಲು ಬಂದಾಗ ಮಾವ ಪ್ಯಾಂಟು ಮೊಳಕಾಲಿಗೆ ಮಡಚಿ ತೊಟ್ಟಿಯ ಅಂಚಿನಲ್ಲಿ ನಿಂತು, ಆ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿದ್ದರು. ಕೆಲಸದ ಹುಡುಗರು ಮೀನೊಂದನ್ನು ಎತ್ತಿ ಹಿಡಿದರೆ ಸಾಕು, ಗಂಡೋ ಹೆಣ್ಣೋ ಎಂದು ಮೊದಲು ಹೇಳುವವರು ಅವರೇ. ಬನ್ನಿ ಮಾವ, ಚಳಿ ಏರ್ತಾ ಇದೆ ಎಂದೆ. ‘ಇನ್ನು ಎರಡು ತೊಟ್ಟಿ ಇದೆ ಮಾರಾಯ’ ಎಂದು, ನಮ್ಮ ಕಡೆ ತಿರುಗದೆ, ಮುಂದಿನ ಮೀನಿಗೆ ಕೈ ಚಾಚಿದರು.