ಬೋರಿವಲಿಯ ಕಲ್ಲಿನ ಹಡಗುಗಳು

ನಾನು ಮುಂಬೈಗೆ ಬಂದು ಐವತ್ತು ವರ್ಷ ದಾಟಿತು. ಅದರಲ್ಲಿ ನಲವತ್ತು ವರ್ಷ ಬೋರಿವಲಿ ಪಶ್ಚಿಮದಲ್ಲೇ ಕಳೆದಿದ್ದೇನೆ. ಯಾವ ಗಲ್ಲಿಯಲ್ಲಿ ನೀರು ತುಂಬುತ್ತದೆ, ಯಾವ ಅಂಗಡಿಯಲ್ಲಿ ನಮ್ಮ ಕಡೆಯ ಕುಚ್ಚಲಕ್ಕಿ ಸಿಗುತ್ತದೆ, ಎಲ್ಲಾ ಗೊತ್ತು ಅಂತ ನನಗೊಂದು ಸಣ್ಣ ಜಂಬ. ಆದರೆ ನಮ್ಮ ಮನೆಯಿಂದ ರಿಕ್ಷಾದಲ್ಲಿ ಹತ್ತೇ ನಿಮಿಷದ ದಾರಿಯಲ್ಲಿ ಶತಮಾನಗಳಿಂದ ಒಂದಷ್ಟು ಹಡಗುಗಳು ನಿಂತಿವೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಕಲ್ಲಿನ ಹಡಗುಗಳು! ಅವುಗಳನ್ನು ತೋರಿಸಿಕೊಟ್ಟವರು ಇಬ್ಬರು. ಒಬ್ಬಳು ನನ್ನ ಮೊಮ್ಮಗಳು, ಇನ್ನೊಬ್ಬರು ಊರಿನಿಂದ ಬಂದಿದ್ದ ನನ್ನ ಅತ್ತೆ.

2023ರ ಡಿಸೆಂಬರ್. ನನ್ನ ಸೋದರಮಾವನ ಹೆಂಡತಿ, ನಾವೆಲ್ಲ ಸಣ್ಣತ್ತೆ ಅಂತ ಕರೆಯುವವರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೊನ್ನಾವರದಿಂದ ನಮ್ಮ ಮನೆಗೆ ಬಂದಿದ್ದರು. ವಯಸ್ಸು ಎಂಬತ್ತೊಂದು. ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ಹೊಸ ಕಣ್ಣು ಬಂದವರ ಹಾಗೆ ಎದುರು ಕಟ್ಟಡದ ಬಟ್ಟೆ ಒಣಹಾಕುವ ತಂತಿಯನ್ನೂ ಎಣಿಸುತ್ತಿದ್ದರು. ಅದೇ ಹೊತ್ತಿಗೆ ಮೊಮ್ಮಗಳಿಗೆ ಶಾಲೆಯಲ್ಲಿ 'ನಮ್ಮ ಊರಿನ ಇತಿಹಾಸ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. "ಅಜ್ಜ, ಎಕ್ಸರ್‌ನಲ್ಲಿ ಹಡಗಿನ ಕಲ್ಲು ಇದೆಯಂತೆ, ಕರ್ಕೊಂಡು ಹೋಗು" ಅಂತ ಹಟ ಹಿಡಿದಳು. ಎಕ್ಸರ್ ಅಂದರೆ ನನಗೆ 2022ರ ಏಪ್ರಿಲ್‌ನಲ್ಲಿ ಶುರುವಾದ ಮೆಟ್ರೋದ ಒಂದು ಸ್ಟೇಷನ್, ಅಷ್ಟೇ.

ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ರಿಕ್ಷಾದವನಿಗೆ ಜಾಗ ಗೊತ್ತಿಲ್ಲ. ಹಳೇ ಊರಿನ ಭಾಗದಲ್ಲಿ ಇಳಿದು, ಮೀನು ಮಾರಿ ಮನೆಗೆ ಹೋಗುತ್ತಿದ್ದ ಒಬ್ಬ ಬಾಯಿಯನ್ನು ನನ್ನ ಮರಾಠಿಯಲ್ಲಿ ಕೇಳಿದೆ. "ವೀರಗಳ ನಾ?" ಅಂತ ಕೈ ತೋರಿಸಿದಳು. ವೀರಗಳ! ಮರಾಠಿಯಲ್ಲಿ ಹಾಗೆ ಹೇಳುತ್ತಾರೆ. ನಮ್ಮ 'ವೀರಗಲ್ಲು' ಅನ್ನುವ ಪದವೇ ಗಡಿ ದಾಟಿ ಹೋಗಿ ಹಾಗಾಗಿದೆ. ಐವತ್ತು ವರ್ಷ ಪರ ಊರು ಅಂದುಕೊಂಡ ಜಾಗದಲ್ಲಿ ಒಬ್ಬ ಮೀನುಗಾರ್ತಿಯ ಬಾಯಲ್ಲಿ ನಮ್ಮ ಮಾತು ಕೇಳಿದಾಗ ಏನೋ ಒಂದು ಥರ ಆಯಿತು.

ಮನೆಗಳ ನಡುವೆ, ಓಡಾಡುವ ದಾರಿಯ ಪಕ್ಕದಲ್ಲೇ ಕಲ್ಲುಗಳಿದ್ದವು. ಬುಡದಲ್ಲಿ ಕುಂಕುಮ, ಒಣಗಿದ ಹೂವು. ಊರಿನವರಿಗೆ ಅವು ದೇವರು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಸಣ್ಣತ್ತೆ ಹೇಳಿಬಿಟ್ಟರು. "ಎಂತಾ ತಮಾ, ನಿಮ್ಮ ಬೊಂಬಾಯಲ್ಲೂ ಬೀರನ ಕಲ್ಲು ಇತ್ತೇ?"

ಊರಲ್ಲಿ ದನ ಮೇಯಿಸುವ ಹುಡುಗರಿಂದ ಹಿಡಿದು ಎಲ್ಲರಿಗೂ ಬೀರನ ಕಲ್ಲು ಗೊತ್ತು. ಗದ್ದೆಯ ಬದುವಿನಲ್ಲಿ, ಗುಡಿಯ ಹಿಂದೆ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲಾಗಿ ಕೂಡ! ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಯಲ್ಲಿ ಕಾಳಗ. ಅದರ ಮೇಲೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುವುದು. ತುರು ಕಾಯಲು ಹೋಗಿ ಸತ್ತವನಿಗೆ ಹಸುಗಳನ್ನು ಕೆತ್ತುತ್ತಿದ್ದರು, ಹುಲಿಯ ಜೊತೆ ಕಾದವನಿಗೆ ಹುಲಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಹೊತ್ತಿಗೆ, ಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರನ್ನೂ ಬರೆದಿಟ್ಟ ನಾಡು ನಮ್ಮದು.

ಎಕ್ಸರ್‌ನ ಕಲ್ಲಿನಲ್ಲಿ ಅಡಿಯ ಪಟ್ಟಿಯಲ್ಲಿ ಹಸುವಿಲ್ಲ, ಹುಲಿಯಿಲ್ಲ. ಹಡಗುಗಳಿವೆ. ಮೂತಿ ಎತ್ತಿದ ಉದ್ದನೆಯ ಹಡಗುಗಳು, ಅವಕ್ಕೆ ಕೂವೆಮರ, ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಹುಟ್ಟುಗಳು. ಒಂದರ ಮೇಲೊಂದು ಮುಗಿಬಿದ್ದಿವೆ. ಹಡಗಿನಿಂದ ಜನ ನೀರಿಗೆ ಬೀಳುತ್ತಿದ್ದಾರೆ.

ಮನೆಗೆ ಬಂದ ಮೇಲೆ ಪುಸ್ತಕ ಹುಡುಕಿದೆ. 1882ರ ಠಾಣೆ ಜಿಲ್ಲೆಯ ಗ್ಯಾಸೆಟಿಯರ್‌ನಲ್ಲಿ ಈ ಕಲ್ಲುಗಳ ವಿವರವಾದ ವರ್ಣನೆ ಇದೆ. ಆಗ ಇದು ಬೋರಿವಲಿ ಸ್ಟೇಷನ್ನಿನಿಂದ ಒಂದು ಮೈಲಿ ದೂರದ ಕೆರೆ ದಂಡೆಯ ಮಾವಿನ ತೋಪು. ಅವರು ಎಣಿಸಿದ್ದು ಆರು ಕಲ್ಲು. ಎರಡರಲ್ಲಿ ನೆಲದ ಯುದ್ಧ, ನಾಲ್ಕರಲ್ಲಿ ಕಡಲ ಯುದ್ಧ. ಯಾರ ಯುದ್ಧ? ಕಲ್ಲಿನಲ್ಲಿ ಓದಲು ಸಿಗುವ ಬರಹವಿಲ್ಲದ ಕಾರಣ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚಾಗಿ ಹೇಳುವುದು ಉತ್ತರ ಕೊಂಕಣದ ಶಿಲಾಹಾರರ ಕೊನೆಯ ರಾಜ ಸೋಮೇಶ್ವರನ ಕಥೆ. ಸುಮಾರು 1265ರಲ್ಲಿ ದೇವಗಿರಿಯ ಯಾದವ ರಾಜ ಮಹಾದೇವ ಅವನ ಮೇಲೆ ದಂಡೆತ್ತಿ ಬಂದ. ನೆಲದಲ್ಲಿ ಸೋತ ಸೋಮೇಶ್ವರ ಹಡಗು ಹತ್ತಿದ, ಅಲ್ಲೂ ಬಿಡಲಿಲ್ಲ, ಕಡಲಿನಲ್ಲಿ ಮುಳುಗಿ ಸತ್ತ. ಮಹಾದೇವನ ಸಿಟ್ಟಿನ ಬೆಂಕಿಗಿಂತ ಸಮುದ್ರವೇ ವಾಸಿ ಅಂತ ಅವನು ನೀರನ್ನು ಆರಿಸಿಕೊಂಡ ಎನ್ನುವ ಅರ್ಥದಲ್ಲಿ ಯಾದವರ ಮಂತ್ರಿ ಹೇಮಾದ್ರಿ ಬರೆದಿದ್ದಾನೆ. ಗೆದ್ದವರ ಮಾತು, ಹಾಗೇ ಇರುತ್ತದೆ! ಅಂದ ಹಾಗೆ ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು. ಅವರ ಬಿರುದುಗಳಲ್ಲಿ ಕನ್ನಡದ ಪದಗಳೂ ಇವೆ. ಗೋವೆಯ ಕದಂಬರ ಕಾಲದ ಹಡಗಿನ ವೀರಗಲ್ಲುಗಳು ಹಳೇ ಗೋವೆಯ ಮ್ಯೂಸಿಯಂನಲ್ಲಿವೆ. ನಮ್ಮ ಕರಾವಳಿಯಿಂದ ಇಲ್ಲಿಯವರೆಗೂ ಒಂದೇ ಕಡಲು, ಒಂದೇ ಥರದ ಕಲ್ಲು.

ಇಷ್ಟೇ ಆಗಿದ್ದರೆ ಮೊಮ್ಮಗಳ ಪ್ರಾಜೆಕ್ಟ್ ಮುಗಿಸಿ ಸುಮ್ಮನಾಗುತ್ತಿದ್ದೆ. ಆದರೆ ಆ ದಿನ ಸಣ್ಣತ್ತೆ ಕಲ್ಲಿನ ಮುಂದಿನಿಂದ ಕದಲಲೇ ಇಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಸಣ್ಣ ಮಾವನ ವಿಷಯ ಹೇಳಬೇಕು.

1973ರಲ್ಲಿ ನಾನು ಬೊಂಬಾಯಿಗೆ ಬಂದಾಗ ನನ್ನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋದವನು ಸಣ್ಣ ಮಾವ. ಸರಕಿನ ಹಡಗಿನಲ್ಲಿ ಖಲಾಸಿ. ಒಂದು ಹಡಗು ಇಳಿದು ಇನ್ನೊಂದು ಸಿಗುವವರೆಗೆ ಮಸ್ಜಿದ್ ಬಂದರಿನ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಇರುತ್ತಿದ್ದ. ಒಮ್ಮೆ ಅವನನ್ನು ನೋಡಲು ಹೋದಾಗ ಅಲ್ಲಿನ ಸ್ಮಾರಕ ತೋರಿಸಿದ. ಮೊದಲನೇ ಮಹಾಯುದ್ಧದಲ್ಲಿ ಕಡಲಲ್ಲಿ ಸತ್ತ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರುಗಳು. ಎರಡನೇ ಯುದ್ಧದಲ್ಲಿ ಸತ್ತ ಆರು ಸಾವಿರಕ್ಕೂ ಹೆಚ್ಚು ಜನರ ಹೆಸರು ಒಂದು ಪುಸ್ತಕದಲ್ಲಿದೆ, ಅಂಥದ್ದೇ ಇನ್ನೊಂದು ಪ್ರತಿ ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್‌ನಲ್ಲಿದೆ. ಅವರಲ್ಲಿ ಬಹಳಷ್ಟು ಮಂದಿ ಬಂದೂಕು ಹಿಡಿದವರಲ್ಲ. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರು, ಅಡುಗೆ ಮಾಡುತ್ತಿದ್ದವರು. "ಇವರೆಲ್ಲ ನಮ್ಮಂಥವರೇ. ಗೋರಿ ಇಲ್ಲ, ಸುಡುಗಾಡಿಲ್ಲ, ಅದಕ್ಕೇ ಹೆಸರು ಬರೆದಿಟ್ಟಿದ್ದಾರೆ" ಅಂದ ಮಾವ. ಆಮೇಲೆ ನಕ್ಕು, "ಯುದ್ಧದಲ್ಲಿ ಸತ್ರೆ ಮಾತ್ರ ಮತ್ತೆ!" ಅಂದ.

1979ರ ಜುಲೈ. ಮಳೆಗಾಲದ ಅರಬ್ಬೀ ಸಮುದ್ರ. ರಾತ್ರಿ ಡೆಕ್ಕಿನ ಮೇಲೆ ಸರಕಿನ ಹಗ್ಗ ಬಿಗಿಯಲು ಹೋದ ಮಾವ ವಾಪಸ್ ಬರಲಿಲ್ಲ. ಬೊಂಬಾಯಿಯಲ್ಲಿ ಇದ್ದ ಸಂಬಂಧಿಕ ನಾನೊಬ್ಬನೇ, ಹಾಗಾಗಿ ಆಫೀಸಿನವರು ನನ್ನನ್ನೇ ಕರೆಸಿದರು. ಇಂಗ್ಲಿಷಿನಲ್ಲಿ ಒಂದು ಪುಟದ ಕಾಗದ. ಗುಮಾಸ್ತ ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದ. ಹಡಗು ಅಲ್ಲೇ ನಿಂತು ಮರುದಿನ ಸಂಜೆ ಕತ್ತಲಾಗುವವರೆಗೂ ಸುತ್ತು ಹೊಡೆದು ಹುಡುಕಿತಂತೆ. ಆಮೇಲೆ ತನ್ನ ದಾರಿ ಹಿಡಿಯಿತಂತೆ.

ನಾನು ಊರಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. 'ಇನ್ನೂ ಹುಡುಕುತ್ತಿದ್ದಾರೆ' ಅಂತ. ಒಂದೇ ದಿನ ಹುಡುಕಿ ಹೊರಟುಹೋದರು ಅಂತ ಹೇಗೆ ಬರೆಯಲಿ? ನನಗಾಗ ಇಪ್ಪತ್ತಾರು ವರ್ಷ. ಒಂದು ಸುಳ್ಳು ಬರೆದೆ, ಮುಂದಿನ ತಿಂಗಳು ಅದನ್ನೇ ಇನ್ನೊಮ್ಮೆ ಬರೆದೆ. ಹೆಣ ಸಿಗದವನು ಕಾನೂನಿನ ಕಣ್ಣಿಗೆ ಸತ್ತವನಾಗಲು ಏಳು ವರ್ಷ ಬೇಕು. ಆ ಏಳು ವರ್ಷ ಸಣ್ಣತ್ತೆ ಕುಂಕುಮ ಇಟ್ಟುಕೊಂಡೇ ಇದ್ದರು. ಮದುವೆ ಮನೆಯಲ್ಲಿ ಅರಿಶಿನ ಕೊಡುವುದೋ ಬೇಡವೋ ಅಂತ ಜನ ಹಿಂದೆಮುಂದೆ ನೋಡುತ್ತಿದ್ದರಂತೆ. 1986ರಲ್ಲಿ ಭಟ್ಟರು ದರ್ಭೆಯ ಬೊಂಬೆ ಮಾಡಿಸಿ ಅದಕ್ಕೆ ಬೆಂಕಿ ಕೊಡಿಸಿದರು. ನಾನು ರಜೆ ಹಾಕಿ ಹೋಗಿದ್ದೆ. ಮೊಳದುದ್ದದ ಹುಲ್ಲಿನ ಗೊಂಬೆ, ಐದು ನಿಮಿಷದಲ್ಲಿ ಉರಿದುಹೋಯಿತು. ಆವತ್ತೂ ನಾನು ಬಾಯಿ ಬಿಡಲಿಲ್ಲ.

ಫೋರ್ಟಿನ ಸೇಂಟ್ ಥಾಮಸ್ ಚರ್ಚಿನಲ್ಲಿ ಕ್ಯಾಪ್ಟನ್ ಹಾರ್ಡಿಂಜ್ ಎಂಬ ಇಂಗ್ಲಿಷ್ ನೌಕಾಧಿಕಾರಿಯ ಅಮೃತಶಿಲೆಯ ಸ್ಮಾರಕ ಇದೆ. 1808ರಲ್ಲಿ ಸಿಲೋನ್ ಕಡೆಯ ಕಡಲಲ್ಲಿ ಫ್ರೆಂಚರ ಹಡಗಿನ ಜೊತೆ ಕಾದಾಡಿ ಸತ್ತವನು, ವಯಸ್ಸು ಇಪ್ಪತ್ತಾರು. ಅವನಿಗೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಒಂದು ಸ್ಮಾರಕ ಇದೆ. 1971ರ ಡಿಸೆಂಬರ್ 9ರಂದು ದೀವ್ ಹತ್ತಿರ ಮುಳುಗಿದ ಐಎನ್ಎಸ್ ಖುಕ್ರಿಯ ನಾವಿಕರಿಗೆ, ಹಡಗು ಬಿಡದೆ ಅದರ ಜೊತೆಗೇ ಹೋದ ಕ್ಯಾಪ್ಟನ್ ಮುಲ್ಲಾ ಅವರಿಗೆ, ದೀವ್‌ನ ದಂಡೆಯಲ್ಲಿ ಸ್ಮಾರಕ ಇದೆ. ಇರಲೇಬೇಕು. ಅವುಗಳನ್ನು ಕಂಡಾಗಲೆಲ್ಲ ಕೈಮುಗಿದಿದ್ದೇನೆ. ಆದರೆ ಹಗ್ಗ ಬಿಗಿಯಲು ಹೋದ ಖಲಾಸಿಗೆ ಎಲ್ಲಿಯ ಕಲ್ಲು?

ಎಕ್ಸರ್‌ಗೆ ವಾಪಸ್ ಬರೋಣ. ಸಣ್ಣತ್ತೆ ಹಡಗಿನ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಸವರುತ್ತಾ ಹೋದರು. ನೀರಿಗೆ ಬೀಳುತ್ತಿದ್ದವರ ಹತ್ತಿರ ಬೆರಳು ನಿಂತಿತು. "ಬಿದ್ದವರನ್ನೂ ಕೆತ್ತಿದ್ದಾರಲ್ಲ ತಮಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಎಂತ ಆಯ್ತು, ನಿಂಗೆ ಗೊತ್ತಿತ್ತಲ್ಲ?"

ನಲವತ್ತನಾಲ್ಕು ವರ್ಷದ ಮೇಲೆ, ರಸ್ತೆ ಬದಿ, ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾಗ, ಎಲ್ಲ ಹೇಳಿದೆ. ಹಗ್ಗ, ರಾತ್ರಿ, ಗಾಳಿ, ಮರುದಿನ ಸಂಜೆಯವರೆಗೆ ಹುಡುಕಿದ್ದು, ಆಮೇಲೆ ಹೊರಟುಹೋಗಿದ್ದು. ನಾನು ಬರೆದ ಸುಳ್ಳು. ಬೈಯುತ್ತಾರೆ, ಇಲ್ಲ ಅಳುತ್ತಾರೆ ಅಂದುಕೊಂಡೆ.

"ಇಡೀ ದಿನ ಹುಡುಕಿದ್ರಾ?" ಅಂತ ಕೇಳಿದರು.

"ಹೌದು ಅತ್ತೆ."

"ಹಡಗು ನಿಲ್ಲಿಸ್ಕೊಂಡು?"

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನ ಕಾಗದ ಓದಿದ ದಿನವೇ ಅದು ಸುಳ್ಳು ಅಂತ ಗೊತ್ತಾಗಿತ್ತು. ಸಮುದ್ರದಲ್ಲಿ ಯಾರು ತಿಂಗಳುಗಟ್ಟಲೆ ಹುಡುಕ್ತಾರೆ? ನಾನು ಮೀನುಪೇಟೆ ಊರಿನವಳಲ್ವಾ. ಅದಕ್ಕೇ, ಯಾರೂ ಹುಡುಕಲೇ ಇಲ್ಲ, ಬಿದ್ದದ್ದೂ ಯಾರಿಗೂ ಗೊತ್ತಾಗಲಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಒಂದಿಡೀ ದಿನ ಹುಡುಕಿದ್ರು ಅಂತ ಒಂದು ಮಾತು ಬರೀಬಾರ್ದಿತ್ತಾ ತಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವುದನ್ನು ಕ್ರೂರ ಅಂತ ಮುಚ್ಚಿಟ್ಟಿದ್ದೆನೋ ಅದೇ ಅವರಿಗೆ ಬೇಕಾಗಿತ್ತು. ಬದುಕಿ ಉಳಿದವರಿಗೆ ಏನು ಬೇಕು ಅನ್ನೋದು ಆ ಕಲ್ಲು ಕೆತ್ತಿದವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಸಾವನ್ನು ಮುಚ್ಚಿಡಲಿಲ್ಲ. ಅಡಿಯಲ್ಲೇ, ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಹೇಗೆ ಬಿದ್ದ ಅಂತ ಕೆತ್ತಿದ. ಅದಾದ ಮೇಲೇ ಅಪ್ಸರೆಯರು, ಕೈಲಾಸ ಎಲ್ಲ.

ಎದುರಿನ ಅಂಗಡಿಯಿಂದ ಸಣ್ಣತ್ತೆ ಹತ್ತು ರೂಪಾಯಿಯ ಗೊಂಡೆ ಹೂವು ತರಿಸಿದರು. ನೀರಿಗೆ ಬೀಳುತ್ತಿದ್ದವರ ಕೆಳಗೆ ಇಟ್ಟು, ಮಾವನ ಹೆಸರು ಹೇಳಿದರು. ಗಂಡನ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ನೀವು ಯಾವಾಗಲಾದರೂ ಬೋರಿವಲಿ ಕಡೆ ಬಂದರೆ ಎಕ್ಸರ್‌ಗೆ ಹೋಗಿ ಬನ್ನಿ. 'ವೀರಗಳ' ಅಂತ ಕೇಳಿದರೆ ಹಳಬರು ತೋರಿಸುತ್ತಾರೆ. ಕೆಳಗಿನಿಂದ ಮೇಲಕ್ಕೆ ನೋಡಿ. ಮೊಮ್ಮಗಳ ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ಸ್ ಬಂತು. ಸಣ್ಣತ್ತೆ ಊರಿನಲ್ಲಿ ಆರಾಮಾಗಿದ್ದಾರೆ. ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಕಲ್ಲಿಗೆ ಹೂವು ಇಟ್ಟು ಬಂದ್ಯಾ?" ಅಂತ. ಇಟ್ಟ ದಿನ ಇಟ್ಟೆ ಅಂತೇನೆ. ಇಡದ ದಿನ ಇಲ್ಲ ಅಂತಲೇ ಹೇಳುತ್ತೇನೆ.