ಅರವತ್ತು ದಿನದ ಕದ್ದಾಲಿಕೆ

ತೆಲಂಗಾಣ ಸರ್ಕಾರ ತಮ್ಮ ಫೋನ್ ಕದ್ದಾಲಿಸುತ್ತಿದೆ ಎಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಆರೋಪಿಸಿದ್ದು 2015ರಲ್ಲಿ. ವಿಶಾಖಪಟ್ಟಣದಲ್ಲಿ ದೂರು ದಾಖಲಾಯಿತು, ಟೆಲಿಕಾಂ ಕಂಪನಿಗಳಿಗೆ ವಿಜಯವಾಡದ ನ್ಯಾಯಾಲಯದಿಂದ ಸಮನ್ಸ್ ಹೋಯಿತು. ತೆಲಂಗಾಣ ಆರೋಪವನ್ನು ಅಲ್ಲಗಳೆಯಿತು. 2020ರ ಆಗಸ್ಟ್‌ನಲ್ಲಿ, ಅಷ್ಟರಲ್ಲಿ ವಿರೋಧ ಪಕ್ಷಕ್ಕೆ ಸರಿದಿದ್ದ ನಾಯ್ಡು, ಆಂಧ್ರ ಸರ್ಕಾರದ ಮೇಲೆಯೇ ಅದೇ ದೂರು ಹೊರಿಸಿ ಪ್ರಧಾನಿಗೆ ಪತ್ರ ಬರೆದರು. 2022ರಲ್ಲಿ ಅವರದೇ ಹಿಂದಿನ ಆಡಳಿತ ಪೆಗಾಸಸ್ ಬೇಹು ತಂತ್ರಾಂಶ ಕೊಂಡಿತ್ತೇ ಎಂದು ವಿಚಾರಿಸಲು ವಿಧಾನಸಭೆ ಸದನ ಸಮಿತಿ ನೇಮಿಸಿತು.

ಕುರ್ಚಿ ಬದಲಾದಂತೆ ದೂರುವವರೂ ಬದಲಾದರು.

ಮುಖ್ಯಮಂತ್ರಿಯ ಬೆನ್ನಿಗೆ ಪೊಲೀಸರಿದ್ದಾರೆ, ವಕೀಲರಿದ್ದಾರೆ. ವಿಜಯವಾಡದ ಒಬ್ಬ ಸಣ್ಣ ಅಂಗಡಿಯವನಿಗೆ ಯಾರಿದ್ದಾರೆ? ತನ್ನ ಮಾತನ್ನು ಯಾರೋ ಆಲಿಸಿದರೆಂಬುದೇ ಅವನಿಗೆ ತಿಳಿಯುವುದಿಲ್ಲ. ಕದ್ದಾಲಿಕೆಯ ಆದೇಶ 60 ದಿನ ಊರ್ಜಿತ, ನವೀಕರಿಸುತ್ತ ಹೋದರೆ ಒಟ್ಟು 180 ದಿನ. ರಾಜ್ಯದಲ್ಲಿ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಕಾರ್ಯದರ್ಶಿಗಳೇ, ನ್ಯಾಯಾಧೀಶರು ಯಾರೂ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ಈ ಏರ್ಪಾಡು ಹಾಗೆಯೇ ಉಳಿಯಿತು.

ಅಮೆರಿಕದಲ್ಲಿ ವಿದೇಶಿಯರ ಮೇಲಿನ ಬೇಹುಗಾರಿಕೆ ಕಾಯ್ದೆಯ 702ನೇ ಸೆಕ್ಷನ್‌ಗೆ ಅವಧಿ ಉಂಟು. 2024ರಲ್ಲಿ ಅಲ್ಲಿನ ಸಂಸತ್ತು ಬಿರುಸಿನ ಚರ್ಚೆಯ ನಂತರವೇ ಅದನ್ನು ಎರಡು ವರ್ಷಕ್ಕೆ ಮುಂದುವರಿಸಿತು. ನಮ್ಮ ಕಾಯ್ದೆಯ ಅಧಿಕಾರಕ್ಕೆ ಅಂಥ ಗಡುವಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಆ ಹಕ್ಕಿಗೆ ಬೆಲೆಯಿರಬೇಕಾದರೆ, 61ನೇ ದಿನದ ನವೀಕರಣಕ್ಕಾದರೂ ನ್ಯಾಯಾಧೀಶರ ಸಹಿ ಕಡ್ಡಾಯವಾಗಬೇಕು.